ಒಂದೇ ನದಿ, ಬೇರೆ ಬೇರೆ ನೀರು: ಮೇಜರ್ ಪೊವೆಲ್ ಜೀವನಗಾಥೆ



ಭೂಗೋಳದ ಅಟ್ಲಾಸಿನಲ್ಲಿ ನದಿ ಎಂದರೆ ಒಂದು ನೀಲಿ ಗೆರೆ. ಮೇ ತಿಂಗಳಲ್ಲಿ ನೋಡಿದರೂ ಅದೇ ಗೆರೆ, ಸೆಪ್ಟೆಂಬರಿನಲ್ಲಿ ನೋಡಿದರೂ ಅದೇ ಗೆರೆ. ಆದರೆ ದೋಣಿಯಲ್ಲಿ ಕುಳಿತವನಿಗೆ ಅದು ಒಂದೇ ನದಿಯಲ್ಲ. ನೀರು ನಾಲ್ಕು ಅಡಿ ಏರಿದರೆ ನಿನ್ನೆ ಕಂಡ ಬಂಡೆ ಇಂದು ಕಾಣುವುದಿಲ್ಲ. ನಾಲ್ಕು ಅಡಿ ಇಳಿದರೆ ನಿನ್ನೆ ದೋಣಿ ಸಾಗಿದ ದಾರಿಯೇ ಇಂದು ಇರುವುದಿಲ್ಲ. ಈ ಸರಳ ಸತ್ಯವನ್ನು ತನ್ನ ಜೀವವನ್ನೂ ಸಂಗಾತಿಗಳ ಜೀವವನ್ನೂ ಒತ್ತೆಯಿಟ್ಟು ಕಲಿತ ಒಬ್ಬ ಅಧ್ಯಾಪಕನ ಕಥೆ ಇದು. ಅವನಿಗೆ ಇದ್ದದ್ದು ಒಂದೇ ಕೈ. ಹೆಸರು ಜಾನ್ ವೆಸ್ಲಿ ಪೊವೆಲ್.

ಬಾಲ್ಯ ಮತ್ತು ಕಲಿಕೆ

ಪೊವೆಲ್ ಹುಟ್ಟಿದ್ದು 1834ರ ಮಾರ್ಚ್ 24ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮೌಂಟ್ ಮಾರಿಸ್ ಎಂಬ ಊರಿನಲ್ಲಿ. ತಂದೆ ತಾಯಿ ಇಂಗ್ಲೆಂಡಿನಿಂದ ವಲಸೆ ಬಂದವರು. ತಂದೆ ಊರೂರು ಸುತ್ತುವ ಧರ್ಮಬೋಧಕರು. ಗುಲಾಮಗಿರಿ ತಪ್ಪೆಂದು ಬಹಿರಂಗವಾಗಿ ಹೇಳುತ್ತಿದ್ದರು. ಕುಟುಂಬ ಓಹಾಯೊ ರಾಜ್ಯದ ಜಾಕ್ಸನ್ ಎಂಬಲ್ಲಿ ನೆಲೆಸಿದಾಗ ತಂದೆಯ ಈ ನಿಲುವಿನ ಸಿಟ್ಟನ್ನು ಶಾಲೆಯ ಹುಡುಗರು ಮಗನ ಮೇಲೆ ತೀರಿಸಿಕೊಂಡರು. ಅವನಿಗೆ ಕಲ್ಲೇಟು ಬೀಳತೊಡಗಿದ್ದರಿಂದ ಶಾಲೆ ಬಿಡಿಸಬೇಕಾಯಿತು. ಆಗ ನೆರೆಯ ಜಾರ್ಜ್ ಕ್ರೂಕ್‌ಹ್ಯಾಮ್ ಎಂಬ ಹಿರಿಯ ರೈತರು ಅವನಿಗೆ ಗುರುವಾದರು. ಸ್ವಂತ ಓದಿನಿಂದ ಪ್ರಕೃತಿ ವಿಜ್ಞಾನ ಕಲಿತಿದ್ದ ಅವರು ಹುಡುಗನನ್ನು ಹೊಲ, ಹಳ್ಳ, ಗುಡ್ಡಗಳಿಗೆ ಕರೆದೊಯ್ದು ಕಲ್ಲು, ಗಿಡ, ಚಿಪ್ಪುಗಳನ್ನು ತೋರಿಸಿ ಪಾಠ ಹೇಳಿದರು.

ಮುಂದೆ ಪೊವೆಲ್ ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡುತ್ತಾ, ಬಿಡುವಾದಾಗ ಒಂದೊಂದು ಕಾಲೇಜಿಗೆ ಸೇರುತ್ತಾ ಓದಿದ. ಮೂರು ಕಾಲೇಜು ಸುತ್ತಿದರೂ ಪದವಿ ಮುಗಿಸಲಿಲ್ಲ. ಅವನ ನಿಜವಾದ ತರಗತಿ ನದಿಗಳಲ್ಲಿತ್ತು. 1856ರಲ್ಲಿ ಸಣ್ಣ ದೋಣಿಯೊಂದರಲ್ಲಿ ಮಿಸಿಸಿಪ್ಪಿ ನದಿಯುದ್ದಕ್ಕೂ ಸಮುದ್ರದವರೆಗೆ ಹುಟ್ಟು ಹಾಕಿಕೊಂಡು ಹೋದ. ಮರುವರ್ಷ ಓಹಾಯೊ ನದಿ, ಅದರ ಮುಂದಿನ ವರ್ಷ ಇಲಿನಾಯ್ ನದಿ.

ಕೈ ಹೋಯಿತು

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಗುಲಾಮಗಿರಿಯನ್ನು ವಿರೋಧಿಸುತ್ತಾ ಬೆಳೆದ ಪೊವೆಲ್ ಉತ್ತರದ ಸೈನ್ಯಕ್ಕೆ ಸೇರಿದ. ಅದೇ ವರ್ಷ ಎಮ್ಮಾ ಡೀನ್ ಜೊತೆ ಮದುವೆಯಾಯಿತು. 1862ರ ಏಪ್ರಿಲ್ 6ರಂದು ಶೈಲೋ ಕದನದಲ್ಲಿ, ತೋಪು ಹಾರಿಸಲು ಸೂಚನೆ ಕೊಡುವುದಕ್ಕೆ ಬಲಗೈ ಎತ್ತಿದಾಗ ಗುಂಡು ಬಂದು ಬಡಿಯಿತು. ಮೊಣಕೈ ಕೆಳಗೆ ಕೈ ಕತ್ತರಿಸಬೇಕಾಯಿತು. ಗಾಯದ ನೋವು ಬದುಕಿನುದ್ದಕ್ಕೂ ಅವನನ್ನು ಕಾಡಿತು. ಆದರೂ ಚೇತರಿಸಿಕೊಂಡವನೇ ಮತ್ತೆ ಸೈನ್ಯಕ್ಕೆ ಮರಳಿದ. ಯುದ್ಧ ಮುಗಿಯುವಾಗ ಮೇಜರ್ ಆಗಿದ್ದ. ಜನ ಕೊನೆಯವರೆಗೂ ಅವನನ್ನು ಕರೆದದ್ದು ಮೇಜರ್ ಎಂದೇ.

1865ರಲ್ಲಿ ಇಲಿನಾಯ್ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕನಾದ. ಪುಸ್ತಕದಿಂದ ಮಾತ್ರ ಪಾಠ ಹೇಳುವುದು ಅವನಿಗೆ ಒಗ್ಗಲಿಲ್ಲ. 1867 ಮತ್ತು 1868ರಲ್ಲಿ ವಿದ್ಯಾರ್ಥಿಗಳು ಮತ್ತು ಆಸಕ್ತರನ್ನು ಕಟ್ಟಿಕೊಂಡು ರಾಕಿ ಪರ್ವತಗಳಿಗೆ ಹೋದ. 1868ರ ಆಗಸ್ಟಿನಲ್ಲಿ 14,000 ಅಡಿಗಿಂತ ಎತ್ತರದ ಲಾಂಗ್ಸ್ ಪೀಕ್ ಶಿಖರವನ್ನು ಸಂಗಡಿಗರ ಜೊತೆ ಏರಿದ. ಆ ಚಳಿಗಾಲ ವೈಟ್ ನದಿಯ ದಡದಲ್ಲಿ ಬಿಡಾರ ಹೂಡಿ, ಅಲ್ಲಿನ ಮೂಲನಿವಾಸಿಗಳಾದ ಯೂಟ್ ಜನರ ಭಾಷೆ ಕಲಿತ. ಅಲ್ಲಿಯೇ ಅವನಿಗೆ ಆ ದೊಡ್ಡ ಯೋಚನೆ ಗಟ್ಟಿಯಾದದ್ದು: ಗ್ರೀನ್ ನದಿಯಲ್ಲಿ ಇಳಿದು, ಅದು ಸೇರುವ ಕೊಲರಾಡೊ ನದಿಯ ಆಳದ ಕಣಿವೆಗಳನ್ನೆಲ್ಲ ದೋಣಿಯಲ್ಲಿ ದಾಟುವುದು. ಆಗಿನ ಅಮೆರಿಕದ ಭೂಪಟದಲ್ಲಿ ಆ ಪ್ರದೇಶ ಬಹುತೇಕ ಖಾಲಿ ಜಾಗವಾಗಿತ್ತು.

ಹತ್ತು ಜನ, ನಾಲ್ಕು ದೋಣಿ

1869ರ ಮೇ 24ರಂದು ವಯೊಮಿಂಗ್ ಪ್ರಾಂತ್ಯದ ಗ್ರೀನ್ ರಿವರ್ ಸ್ಟೇಷನ್ನಿನಿಂದ ಹತ್ತು ಜನ ನಾಲ್ಕು ದೋಣಿಗಳಲ್ಲಿ ಹೊರಟರು. ಅಮೆರಿಕದ ಪೂರ್ವ ಪಶ್ಚಿಮಗಳನ್ನು ಜೋಡಿಸುವ ರೈಲು ಮಾರ್ಗ ಪೂರ್ತಿಯಾಗಿ ಆಗ ಎರಡೇ ವಾರ ಕಳೆದಿತ್ತು. ಷಿಕಾಗೊದಲ್ಲಿ ಕಟ್ಟಿಸಿದ ದೋಣಿಗಳು ಬಂದದ್ದು ರೈಲಿನಲ್ಲೇ. ಮೂರು ದೋಣಿಗಳು 21 ಅಡಿ ಉದ್ದದ, ಓಕ್ ಮರದ ಭಾರವಾದ ದೋಣಿಗಳು. ನಾಲ್ಕನೆಯದು 16 ಅಡಿಯ ಹಗುರ ಪೈನ್ ದೋಣಿ. ಅದಕ್ಕೆ ಹೆಂಡತಿಯ ಹೆಸರನ್ನೇ ಇಟ್ಟು, ಮೇಜರ್ ಅದರಲ್ಲಿ ಮುಂದೆ ಸಾಗುತ್ತಿದ್ದ. ಹತ್ತು ತಿಂಗಳಿಗಾಗುವಷ್ಟು ಆಹಾರ, ಎತ್ತರ ಅಳೆಯುವ ಬ್ಯಾರೊಮೀಟರುಗಳು, ದಿಕ್ಕು ತಿಳಿಯುವ ಉಪಕರಣಗಳು ಜೊತೆಗಿದ್ದವು. ಒಂದೇ ಕೈಯವನಾದ ಮೇಜರ್‌ಗೆ ಗಾಳಿ ತುಂಬುವ ರಬ್ಬರಿನ ಜೀವರಕ್ಷಕ ಪಟ್ಟಿಯೊಂದಿತ್ತು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಹುಟ್ಟು ಹಾಕುವವನು ದೋಣಿ ಸಾಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತಾನೆ. ಕೆರೆಯಲ್ಲೋ ಬಂದರಿನಲ್ಲೋ ಅದರಿಂದ ತೊಂದರೆಯಿಲ್ಲ. ಆದರೆ ನೊರೆಯುಕ್ಕುವ ರಭಸದ ಇಳಿಜಾರುಗಳಲ್ಲಿ, ಅಂದರೆ ರ‍್ಯಾಪಿಡ್‌ಗಳಲ್ಲಿ, ಎದುರಿಗೇನಿದೆ ಎಂಬುದೇ ಅವನಿಗೆ ಕಾಣುವುದಿಲ್ಲ. ಆದ್ದರಿಂದ ಮೇಜರ್ ಮುಂದಿನ ದೋಣಿಯಿಂದ ನೀರನ್ನು ನೋಡಿ ಬಾವುಟ ಬೀಸಿ ಸೂಚನೆ ಕೊಡುತ್ತಿದ್ದ: ಎಡಕ್ಕೆ ಬನ್ನಿ, ಬಲಕ್ಕೆ ಬನ್ನಿ, ದಡಕ್ಕೆ ಬನ್ನಿ. ಎಲ್ಲರ ಜೀವವೂ ಆ ಬಾವುಟದ ಮೇಲೆ ನಿಂತಿತ್ತು.

ಏರಿದ ನೀರು, ಇಳಿದ ನೀರು

ಪಕ್ಕದ ಕಿರುಕಣಿವೆಗಳಿಂದ ಮಳೆಯಲ್ಲಿ ಕೊಚ್ಚಿ ಬಂದ ಬಂಡೆಗಳು ನದಿಯ ಬಾಯಿಗೆ ಅಡ್ಡ ಬಿದ್ದಲ್ಲೆಲ್ಲ ರ‍್ಯಾಪಿಡ್ ಹುಟ್ಟುತ್ತದೆ. ಆ ನದಿಯ ನೀರು ಮುಖ್ಯವಾಗಿ ಪರ್ವತದ ಹಿಮ ಕರಗಿ ಬರುವಂಥದ್ದು. ಮೇ, ಜೂನ್ ತಿಂಗಳಲ್ಲಿ ಹೊಳೆ ತುಂಬಿ ಹರಿಯುತ್ತದೆ. ಜುಲೈಯಿಂದ ಇಳಿಯುತ್ತದೆ. ಆಗಸ್ಟಿನ ಗುಡುಗು ಮಳೆಗೆ ಒಮ್ಮೆಲೇ ಕೆಸರಾಗಿ ಏರುವುದೂ ಉಂಟು.

ನೀರು ಏರಿದಾಗ ಸಣ್ಣ ಬಂಡೆಗಳು ಮುಳುಗಿ ದಾರಿ ಸರಾಗವಾದಂತೆ ಕಾಣುತ್ತದೆ. ಆದರೆ ದೊಡ್ಡ ಬಂಡೆಗಳ ಮೇಲಿಂದ ಧುಮುಕಿದ ನೀರು ಹಿಂದಕ್ಕೆ ಮಗುಚಿ ಗುಂಡಿ ಮಾಡುತ್ತದೆ. ಅದರಲ್ಲಿ ಸಿಕ್ಕ ದೋಣಿ ಅಲ್ಲೇ ತಿರುಗುತ್ತದೆ. ಅಲೆಗಳು ಆಳೆತ್ತರ ಮೀರುತ್ತವೆ. ಎಲ್ಲಕ್ಕಿಂತ ಕಷ್ಟವೆಂದರೆ, ನಿಲ್ಲಲು ಬೇಕಾದ ಮರಳ ದಡ ಮತ್ತು ದಡದಂಚಿನ ತಿಳಿನೀರು ಎರಡೂ ಮಾಯವಾಗುತ್ತವೆ. ನೀರು ಇಳಿದಾಗ ಅಲೆ ಚಿಕ್ಕದಾಗುತ್ತದೆ, ದಡ ಸಿಗುತ್ತದೆ. ಆದರೆ ಮೊನಚು ಬಂಡೆಗಳು ತಲೆಯೆತ್ತುತ್ತವೆ. ದೋಣಿ ನುಗ್ಗುವ ಸಂದು ಕಿರಿದಾಗುತ್ತದೆ. ಯಾವ ಮಟ್ಟವೂ ಪೂರ್ತಿ ಸುಲಭವಲ್ಲ, ಯಾವುದೂ ಪೂರ್ತಿ ಅಸಾಧ್ಯವಲ್ಲ. ಪ್ರತಿ ಮಟ್ಟದ ಅಪಾಯ ಬೇರೆ.

ತಂಡ ಹೊರಟದ್ದು ಹಿಮನೀರು ಏರಿದ್ದ ಕಾಲದಲ್ಲಿ. ಎರಡು ವಾರ ಕಳೆಯುವಷ್ಟರಲ್ಲಿ ಅದರ ಬೆಲೆ ತೆರಬೇಕಾಯಿತು. ಜೂನ್ ಎರಡನೇ ವಾರ ಲೋಡೋರ್ ಎಂಬ ಕಣಿವೆಯಲ್ಲಿ ಮೇಜರ್ ದಡಕ್ಕೆ ಬರುವಂತೆ ಸೂಚಿಸಿದ. ಹೌಲ್ಯಾಂಡ್ ಸಹೋದರರು ಮತ್ತು ಫ್ರಾಂಕ್ ಗುಡ್‌ಮನ್ ಇದ್ದ ದೋಣಿ ಸಮಯಕ್ಕೆ ದಡ ಸೇರಲಾಗಲಿಲ್ಲ. ನೀರು ಅದನ್ನು ಎಳೆದೊಯ್ದು ಬಂಡೆಗೆ ಅಪ್ಪಳಿಸಿ ತುಂಡು ಮಾಡಿತು. ಮೂವರೂ ನಡುಗಡ್ಡೆಯೊಂದನ್ನು ಹಿಡಿದು ಬದುಕಿದರು. ಆದರೆ ಆಹಾರದ ದೊಡ್ಡ ಪಾಲು, ಬಟ್ಟೆ, ಬಂದೂಕುಗಳು ಹೋದವು. ಬ್ಯಾರೊಮೀಟರುಗಳು ಮಾತ್ರ ಒಡೆದ ದೋಣಿಯ ತುಂಡಿನಲ್ಲಿ ಸಿಕ್ಕವು. ಆ ಜಾಗಕ್ಕೆ ಅವರು ವಿಪತ್ತಿನ ಜಲಪಾತ ಎಂಬರ್ಥದ ಹೆಸರಿಟ್ಟರು. ತಪ್ಪು ಯಾರದು ಎಂಬ ಮಾತು ತಂಡದೊಳಗೆ ಮುಳ್ಳಿನಂತೆ ಉಳಿಯಿತು.

ಅಂದಿನಿಂದ ಅವರು ಎಚ್ಚರವಾದರು. ಭಯಂಕರ ಇಳಿಜಾರು ಬಂದಾಗ ದೋಣಿಗೆ ಹಗ್ಗ ಕಟ್ಟಿ ದಡದಿಂದ ನಿಧಾನವಾಗಿ ಇಳಿಸುತ್ತಿದ್ದರು. ಅದೂ ಆಗದಿದ್ದರೆ ಸಾಮಾನನ್ನು ಹೊತ್ತು, ದೋಣಿಯನ್ನೂ ಬಂಡೆಗಳ ಮೇಲೆ ಎಳೆದು ಸಾಗುತ್ತಿದ್ದರು. ಒಂದೊಂದು ದಿನ ಬೆಳಗಿನಿಂದ ಸಂಜೆಯವರೆಗೆ ದುಡಿದರೂ ಒಂದೆರಡು ಕಿಲೋಮೀಟರ್ ದಾಟುವುದೇ ಹೆಚ್ಚು. ಜುಲೈ ಮೊದಲ ವಾರ ಗುಡ್‌ಮನ್ ತಂಡ ಬಿಟ್ಟು ಹೋದ. ಒಂದು ದಿನ ಒಂಟಿಗೈಯ ಮೇಜರ್ ಕಡಿದಾದ ಬಂಡೆ ಹತ್ತಿ, ಮುಂದಕ್ಕೂ ಹಿಂದಕ್ಕೂ ಹೋಗಲಾಗದೆ ಸಿಕ್ಕಿಬಿದ್ದ. ಮೇಲಿದ್ದ ಜಾರ್ಜ್ ಬ್ರ್ಯಾಡ್ಲಿ ಬೇರೇನೂ ಸಿಗದೆ, ತೊಟ್ಟಿದ್ದ ಉದ್ದದ ಒಳಚಡ್ಡಿಯನ್ನೇ ಬಿಚ್ಚಿ ಹಗ್ಗದಂತೆ ಇಳಿಬಿಟ್ಟು ಅವನನ್ನು ಎಳೆದುಕೊಂಡ.

ಈ ನಡುವೆ ಊರಿನಲ್ಲಿ ಒಬ್ಬ ಮೋಸಗಾರ, ತಂಡದವರೆಲ್ಲ ಮುಳುಗಿ ಸತ್ತರು, ತಾನೊಬ್ಬನೇ ಉಳಿದೆ ಎಂದು ಕಥೆ ಕಟ್ಟಿದ. ಪತ್ರಿಕೆಗಳೂ ಅಚ್ಚು ಹಾಕಿದವು. ಅಂಥ ಹೆಸರಿನವನು ತಂಡದಲ್ಲೇ ಇರಲಿಲ್ಲ ಎಂದು ತೋರಿಸಿ ಸುಳ್ಳನ್ನು ಬಯಲು ಮಾಡಿದವಳು ಎಮ್ಮಾ.

ಬೇರೆಯಾದ ದಾರಿಗಳು

ಆಗಸ್ಟ್ 13ರಂದು ಅವರು ಗ್ರ್ಯಾಂಡ್ ಕ್ಯಾನ್ಯನ್ನಿನ ಆಳಕ್ಕೆ ಇಳಿದರು. 446 ಕಿಲೋಮೀಟರ್ ಉದ್ದ, ಕೆಲವೆಡೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಆಳ. ಉಳಿದಿದ್ದ ಹಿಟ್ಟು ಬೂಷ್ಟು ಹಿಡಿದಿತ್ತು. ಮಾಂಸ ಕೆಟ್ಟಿತ್ತು. ಮಳೆಗೆ ಹೊದಿಕೆ ಇರಲಿಲ್ಲ. ಆಗಸ್ಟ್ 27ರಂದು ಎದುರಾದ ಇಳಿಜಾರು ಎಲ್ಲಕ್ಕಿಂತ ಕೆಟ್ಟದಾಗಿ ಕಂಡಿತು. ದಡವಿಲ್ಲ, ಹಗ್ಗ ಕಟ್ಟಿ ಇಳಿಸುವ ಜಾಗವಿಲ್ಲ. ಆ ರಾತ್ರಿ ಒರಾಮೆಲ್ ಹೌಲ್ಯಾಂಡ್ ಮೇಜರ್ ಬಳಿ ಬಂದು, ಇನ್ನು ಮುಂದೆ ಹೋಗುವುದು ಸಾವಿಗೆ ಹೋದಂತೆ, ಕಣಿವೆ ಹತ್ತಿ ಹೊರಗೆ ಹೋಗೋಣ ಎಂದು ಕೇಳಿಕೊಂಡ. ಮೇಜರ್ ರಾತ್ರಿಯೆಲ್ಲ ಮರಳಿನ ಮೇಲೆ ಅತ್ತಿಂದಿತ್ತ ನಡೆದ. ಬೆಳಗಾಗುವ ಹೊತ್ತಿಗೆ ಮುಂದುವರಿಯಲು ನಿರ್ಧರಿಸಿದ.

ಹೌಲ್ಯಾಂಡ್, ಅವನ ತಮ್ಮ ಸೆನೆಕಾ ಮತ್ತು ವಿಲಿಯಂ ಡನ್ ಬೇರೆಯಾದರು. ಜಗಳವಾಗಲಿಲ್ಲ. ಅವರಿಗೆ ಬಂದೂಕು ಕೊಟ್ಟರು. ಅಡುಗೆಯವನು ರೊಟ್ಟಿ ಕೊಟ್ಟ. ಜಾಕ್ ಸಮ್ನರ್ ತಾನು ಸತ್ತರೆ ಸಹೋದರಿಗೆ ತಲುಪಿಸಲೆಂದು ಗಡಿಯಾರ ಕೊಟ್ಟ. ಎರಡೂ ಕಡೆಯವರು ಇನ್ನೊಂದು ಕಡೆಯವರು ಉಳಿಯಲಾರರು ಎಂದೇ ನಂಬಿದ್ದರು. ಹಗುರ ದೋಣಿಯನ್ನು ಅಲ್ಲೇ ಬಿಟ್ಟು ಆರು ಜನ ಎರಡು ದೋಣಿಗಳಲ್ಲಿ ಇಳಿಜಾರಿಗೆ ನುಗ್ಗಿದರು. ಮೇಲಿನಿಂದ ಕಂಡಷ್ಟು ಕೆಟ್ಟದ್ದಾಗಿರಲಿಲ್ಲ ಅದು. ಸ್ವಲ್ಪ ಹೊತ್ತಿನಲ್ಲೇ ದಾಟಿದರು. ಮೂವರೂ ಹಿಂಬಾಲಿಸಿ ಬರಲೆಂದು ಬಂದೂಕು ಹಾರಿಸಿ ಕಾದರು. ಯಾರೂ ಬರಲಿಲ್ಲ.

ಎರಡು ದಿನದ ನಂತರ, ಆಗಸ್ಟ್ 30ರಂದು, ಆರು ಜನ ವರ್ಜಿನ್ ನದಿ ಸೇರುವ ಜಾಗ ತಲುಪಿದರು. ಅಲ್ಲಿ ಕೆಲವರು ಮೀನು ಹಿಡಿಯುತ್ತಿದ್ದರು. ಒಡೆದ ದೋಣಿಯ ತುಂಡೋ ಹೆಣವೋ ತೇಲಿ ಬಂದೀತೆಂದು ನೋಡಲು ಅವರಿಗೆ ಹೇಳಲಾಗಿತ್ತು. ಬಂದದ್ದು ಬದುಕಿದ ಮನುಷ್ಯರು. 99 ದಿನ, ಸುಮಾರು 1,600 ಕಿಲೋಮೀಟರ್.

ಕಣಿವೆ ಹತ್ತಿ ಹೋದ ಮೂವರು ಮಾತ್ರ ಊರು ಸೇರಲಿಲ್ಲ. ಅವರನ್ನು ಕೊಂದವರು ಯಾರು ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಮರುವರ್ಷ ಪೊವೆಲ್ ಶಿವ್ವಿಟ್ಸ್ ಪಯೂಟ್ ಜನರಿದ್ದಲ್ಲಿಗೇ ಹೋದ. ತಮ್ಮವರಿಗೆ ಕೇಡು ಮಾಡಿದ ಗಣಿಯವರೆಂದು ತಪ್ಪು ತಿಳಿದು ಕೊಂದೆವು ಎಂದು ಅವರು ಹೇಳಿದ್ದಾಗಿ ಅವನು ಬರೆದ. ಅವನು ಸೇಡು ಕೇಳಲಿಲ್ಲ. ಆ ರಾತ್ರಿ ಅವರ ನಡುವೆಯೇ ಮಲಗಿದ.

ಎರಡನೇ ಯಾನ

ಈಗ ಪೊವೆಲ್ ದೇಶಕ್ಕೆಲ್ಲ ಪರಿಚಿತ. ಸರ್ಕಾರ ಹಣ ಕೊಟ್ಟಿತು. 1871ರ ಮೇ 22ರಂದು ಅದೇ ಗ್ರೀನ್ ರಿವರ್ ಸ್ಟೇಷನ್ನಿನಿಂದ ಮೂರು ಹೊಸ ದೋಣಿಗಳು ಹೊರಟವು. ಈ ಬಾರಿ ಛಾಯಾಗ್ರಾಹಕ, ನಕ್ಷೆಗಾರ, 17 ವರ್ಷದ ಚಿತ್ರಕಾರ ಫ್ರೆಡರಿಕ್ ಡೆಲೆನ್‌ಬಾ ಜೊತೆಗಿದ್ದರು. ಮೇಜರ್ ಎತ್ತರದಿಂದ ನೀರು ನೋಡಲೆಂದು ದೋಣಿಯ ಮೇಲೆ ಒಂದು ತೋಳುಕುರ್ಚಿ ಕಟ್ಟಿದರು. ಹಿಂದೆ ದೋಣಿ ಒಡೆದ ಜಾಗವನ್ನು ಈ ಬಾರಿ ಸುರಕ್ಷಿತವಾಗಿ ದಾಟಿದರು. ನಡುವೆ ಒಂದು ಚಳಿಗಾಲ ನಿಂತು ಭೂಮಾಪನ ಮಾಡಿದರು. ಪೊವೆಲ್‌ನ ಭಾವಮೈದುನ ಆಲ್ಮನ್ ಥಾಂಪ್ಸನ್ ನಡೆಸಿದ ಆ ಕೆಲಸದಿಂದ ಎಸ್ಕಲಾಂಟೆ ನದಿಯೂ ಹೆನ್ರಿ ಪರ್ವತಗಳೂ ಭೂಪಟಕ್ಕೆ ಸೇರಿದವು.

1872ರ ಆಗಸ್ಟಿನಲ್ಲಿ ಮತ್ತೆ ಗ್ರ್ಯಾಂಡ್ ಕ್ಯಾನ್ಯನ್. ತಿಂಗಳು ಅದೇ, ಕಣಿವೆ ಅದೇ, ನಾಯಕ ಅದೇ. ಆದರೆ ನೀರು ಮೂರು ವರ್ಷದ ಹಿಂದಿಗಿಂತ ಬಹಳ ಏರಿತ್ತು. ಮೊದಲ ಸಲ ಹಗ್ಗ ಹಿಡಿದು ನಿಂತಿದ್ದ ಬಂಡೆಯಂಚುಗಳು ಮುಳುಗಿದ್ದವು. ನಿಲ್ಲಬೇಕೆಂದರೂ ನಿಲ್ಲುವ ಜಾಗವಿರಲಿಲ್ಲ. ಒಂದು ರಾತ್ರಿ ನೀರು ಏರುತ್ತಲೇ ಹೋದಾಗ ದೋಣಿಗಳನ್ನು ಹಗ್ಗದಿಂದ ಬಂಡೆಯ ಮೇಲಕ್ಕೆ ಎತ್ತಿ ಉಳಿಸಿಕೊಂಡರು. ಸೆಪ್ಟೆಂಬರ್ ಮೊದಲ ವಾರ ಮೇಜರ್‌ನ ದೋಣಿ ಮಗುಚಿತು. ಅವನೂ ಜಾಕ್ ಹಿಲ್ಲರ್ಸ್‌ನೂ ಸುಳಿಯೊಳಗೆ ಹೋಗಿ, ಅದೃಷ್ಟದಿಂದ ಮೇಲೆ ಬಂದರು.

ಕನಾಬ್ ತೊರೆ ಸೇರುವಲ್ಲಿ ಆಹಾರ ತಂದವರು ಕಾಯುತ್ತಿದ್ದರು. ಮುಂದಿನ ದಾರಿಯಲ್ಲಿ ದಾಳಿಯ ಭಯವಿದೆ ಎಂಬ ಸುದ್ದಿಯೂ ಅವರ ಜೊತೆ ಬಂದಿತ್ತು. ಕಣಿವೆಯ ಇನ್ನೂ ಬಹು ಭಾಗ ಬಾಕಿ ಇತ್ತು. 1869ರಲ್ಲಿ ಹಸಿದ ಹೊಟ್ಟೆಯಲ್ಲಿ, ಸೋರುವ ದೋಣಿಗಳಲ್ಲಿ ಮುಂದುವರಿದಿದ್ದ ಅದೇ ಮನುಷ್ಯ ಈ ಬಾರಿ ತುಂಬಿದ ಚೀಲ ಇದ್ದರೂ ಯಾನ ಮುಗಿಯಿತು ಎಂದು ಹೇಳಿದ. ತಂಡದವರು ನಿಟ್ಟುಸಿರು ಬಿಟ್ಟರು. ದೋಣಿಗಳನ್ನು ದಡದಲ್ಲೇ ಬಿಟ್ಟು ನಡೆದರು. ಯಾರೂ ಸಾಯಲಿಲ್ಲ.

ಒಂದು ಕಲೆ

ಪೊವೆಲ್‌ನನ್ನು ಹೊಗಳುವವರು ಬಿಟ್ಟುಬಿಡುವ ಒಂದು ಮಾತನ್ನೂ ಹೇಳಬೇಕು. 1875ರಲ್ಲಿ ಅವನು ಪ್ರಕಟಿಸಿದ ವರದಿಯಲ್ಲಿ ಎರಡು ಯಾನಗಳ ಸಂಗತಿಗಳನ್ನು ಕಲಸಿ, ಎಲ್ಲವೂ 1869ರಲ್ಲೇ ನಡೆದಂತೆ ಬರೆದ. ಎರಡನೇ ಯಾನದ ಸಂಗಾತಿಗಳ ಹೆಸರನ್ನೇ ಹೇಳಲಿಲ್ಲ. ತಾನು ಯಾನವನ್ನು ನಡುವೆ ನಿಲ್ಲಿಸಿದ್ದನ್ನೂ ಬರೆಯಲಿಲ್ಲ. ಸುಳಿಯಲ್ಲಿ ಜೊತೆ ಮುಳುಗಿದವರ ಋಣವನ್ನು ಹೀಗೆ ಮರೆತದ್ದು ದೊಡ್ಡ ಮನುಷ್ಯನ ದೊಡ್ಡ ತಪ್ಪು. ಮುಂದೆ ಗ್ರ್ಯಾಂಡ್ ಕ್ಯಾನ್ಯನ್ನಿನ ಅಂಚಿನಲ್ಲಿ ಸ್ಮಾರಕ ಕಟ್ಟಿದಾಗ, ಬೇರೆಯಾಗಿ ಹೋದ ಆ ಮೂವರ ಹೆಸರನ್ನು ಕೂಡ ಕಲ್ಲಿನಲ್ಲಿ ಕೆತ್ತಲಿಲ್ಲ. ಮೂರು ತಿಂಗಳು ಅದೇ ಹುಟ್ಟು ಹಿಡಿದವರು ಅವರು. ನಮ್ಮ ಪ್ರಾಜೆಕ್ಟ್ ವರದಿಯಲ್ಲಿ ಜೊತೆಗಾರರ ಹೆಸರು ಬಿಡುವ ಮುನ್ನ ಇದನ್ನು ನೆನೆಯಬಹುದು.

ನೀರನ್ನು ಅಳೆದವನು

1881ರಲ್ಲಿ ಪೊವೆಲ್ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ನಿರ್ದೇಶಕನಾದ. 1879ರಿಂದ ಕೊನೆಯವರೆಗೆ ಮೂಲನಿವಾಸಿಗಳ ಭಾಷೆ, ಸಂಸ್ಕೃತಿಗಳನ್ನು ದಾಖಲಿಸುವ ಸಂಸ್ಥೆಯನ್ನೂ ನಡೆಸಿದ. ಪಶ್ಚಿಮದ ಒಣ ಪ್ರದೇಶಗಳ ಬಗ್ಗೆ 1878ರಲ್ಲಿ ಬರೆದ ವರದಿಯಲ್ಲಿ, ಅಲ್ಲಿ ಭೂಮಿ ಬಹಳ, ನೀರು ಸ್ವಲ್ಪ, ಆದ್ದರಿಂದ ನೀರಿನ ಲೆಕ್ಕ ನೋಡಿ ಜನರನ್ನು ನೆಲೆಗೊಳಿಸಬೇಕು ಎಂದು ವಾದಿಸಿದ.

ಲೆಕ್ಕ ಬೇಕಾದರೆ ಅಳತೆ ಬೇಕು. ಅವನ ಸಂಸ್ಥೆ 1888ರ ಕೊನೆಯಲ್ಲಿ ನ್ಯೂ ಮೆಕ್ಸಿಕೊದ ಎಂಬುಡೊ ಎಂಬಲ್ಲಿ, ರಿಯೊ ಗ್ರ್ಯಾಂಡ್ ನದಿಯ ದಡದಲ್ಲಿ, ಯುವ ಎಂಜಿನಿಯರುಗಳಿಗೆ ನದಿ ಅಳೆಯುವ ತರಬೇತಿ ಶುರು ಮಾಡಿತು. 1889ರ ಜನವರಿಯಲ್ಲಿ ಅಲ್ಲಿ ಸಂಸ್ಥೆಯ ಮೊದಲ ನದಿ ಮಾಪನ ಕೇಂದ್ರ ಕೆಲಸ ಆರಂಭಿಸಿತು. ವಿಧಾನ ಸರಳ. ನದಿಯ ಅಗಲದುದ್ದಕ್ಕೂ ಅಲ್ಲಲ್ಲಿ ಆಳವನ್ನೂ ವೇಗವನ್ನೂ ಅಳೆದು ಗುಣಿಸಿದರೆ ಸೆಕೆಂಡಿಗೆ ಎಷ್ಟು ನೀರು ಹರಿಯುತ್ತದೆ ಎಂದು ತಿಳಿಯುತ್ತದೆ. ಬೇರೆ ಬೇರೆ ಮಟ್ಟದಲ್ಲಿ ಹೀಗೆ ಅಳೆದಿಟ್ಟರೆ, ಮುಂದೆ ಅಳತೆಗೋಲಿನಲ್ಲಿ ಮಟ್ಟ ನೋಡಿದರೆ ಸಾಕು, ಹರಿವು ಹೇಳಬಹುದು. ಮಳೆಗಾಲದಲ್ಲಿ ನಮ್ಮ ಪತ್ರಿಕೆಗಳಲ್ಲಿ ಜಲಾಶಯಗಳ ಮಟ್ಟದ ಪಕ್ಕ ನಾವು ಓದುವ ಕ್ಯೂಸೆಕ್ ಎಂಬುದು ಇಂಥ ಹರಿವಿನ ಲೆಕ್ಕವೇ. ಯಾವ ಲೆಕ್ಕವೂ ಕೈಯಲ್ಲಿಲ್ಲದೆ ಕಣಿವೆಗೆ ಇಳಿದವನು, ಮುಂದಿನವರು ಹಾಗೆ ಇಳಿಯದಂತೆ ಮಾಡಿದ.

ಆದರೆ ಅವನ ಎಚ್ಚರಿಕೆ ಭೂಮಿ ಮಾರುವವರಿಗೆ ಹಿಡಿಸಲಿಲ್ಲ. 1890ರಲ್ಲಿ ಅವನ ನೀರಾವರಿ ಸಮೀಕ್ಷೆಯ ಹಣ ನಿಂತಿತು. 1893ರಲ್ಲಿ ಲಾಸ್ ಏಂಜಲೀಸಿನ ನೀರಾವರಿ ಸಮ್ಮೇಳನದಲ್ಲಿ, ಇರುವ ಭೂಮಿಗೆಲ್ಲ ಸಾಲುವಷ್ಟು ನೀರು ಇಲ್ಲವೆಂದು ಹೇಳಿದಾಗ ಸಭೆ ಕೂಗಿ ಅಡ್ಡಿಪಡಿಸಿತು. ಮರುವರ್ಷ ಹುದ್ದೆ ಬಿಟ್ಟ. 1902ರ ಸೆಪ್ಟೆಂಬರ್ 23ರಂದು ಮೇನ್ ರಾಜ್ಯದಲ್ಲಿ ತೀರಿಕೊಂಡ.

ಇಂದಿನ ನದಿ

ಮುಂದೆ ಅಳೆದಾಗ, ಅಣೆಕಟ್ಟಿಗೆ ಮುಂಚಿನ ಕೊಲರಾಡೊ ನದಿ ವಸಂತದಲ್ಲಿ 80,000 ಕ್ಯೂಸೆಕ್ ದಾಟುವುದು ಸಾಮಾನ್ಯವೆಂದೂ, ಚಳಿಗಾಲದಲ್ಲಿ 3,000ಕ್ಕೂ ಇಳಿಯುತ್ತಿತ್ತೆಂದೂ ಗೊತ್ತಾಯಿತು. ಒಂದೇ ನದಿ, ಇಪ್ಪತ್ತೈದು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ! 1922ರಲ್ಲಿ ಏಳು ರಾಜ್ಯಗಳು ಈ ನೀರನ್ನು ಹಂಚಿಕೊಂಡಾಗ ನೋಡಿದ್ದು ಹೆಚ್ಚು ಮಳೆ ಹಿಮ ಬಿದ್ದ ವರ್ಷಗಳ ಲೆಕ್ಕವನ್ನು. ಆದ್ದರಿಂದ ಇರುವುದಕ್ಕಿಂತ ಹೆಚ್ಚು ನೀರು ಕಾಗದದ ಮೇಲೆ ಹಂಚಿಹೋಯಿತು. 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿಂದೆ ತುಂಬತೊಡಗಿದ ಜಲಾಶಯಕ್ಕೆ ಪೊವೆಲ್ ಹೆಸರನ್ನೇ ಇಟ್ಟರು. ಇತ್ತೀಚಿನ ಬರಗಳಲ್ಲಿ ಅದು ಇಳಿದು, ಹಿಂದೆ ನೀರು ನಿಂತಿದ್ದ ಗುರುತು ಬಿಳಿ ಪಟ್ಟೆಯಾಗಿ ಬಂಡೆಗಳ ಮೇಲೆ ಕಾಣುತ್ತಿದೆ. ಅಣೆಕಟ್ಟಿನ ಕೆಳಗೆ ಇಂದು ರಾಫ್ಟಿಂಗ್ ಹೋಗುವವರು ಮೊದಲು ನೋಡುವುದು ಆ ದಿನ ಎಷ್ಟು ನೀರು ಬಿಡುತ್ತಾರೆ ಎಂಬ ಅಂಕಿಯನ್ನು.

ಮಿತ್ರರೇ, ಪೊವೆಲ್ 1869ರಲ್ಲಿ ಮುಂದುವರಿದದ್ದನ್ನು ಲೋಕ ಧೈರ್ಯ ಎಂದು ಕರೆಯಿತು. 1872ರಲ್ಲಿ ನಿಂತದ್ದನ್ನು ಅವನೇ ಮರೆಮಾಚಿದ. ಎರಡನೆಯದೂ ಮೊದಲನೆಯದರಷ್ಟೇ ಧೈರ್ಯ ಎಂದು ನನಗನಿಸುತ್ತದೆ. ಒಮ್ಮೆ ದಾಟಿದ ನದಿಯೆಂದು ಕಣ್ಣು ಮುಚ್ಚಿ ಇಳಿಯದೆ, ಇವತ್ತಿನ ನೀರನ್ನು ಇವತ್ತೇ ನೋಡಿ ತೀರ್ಮಾನಿಸುವುದು ಸುಲಭದ ಮಾತಲ್ಲ. ರಜೆಯಲ್ಲಿ ಗೆಳೆಯರೊಂದಿಗೆ ಹೊಳೆಯ ಬಳಿ ಹೋಗುವಾಗ, ಹೋದ ವರ್ಷ ಇಲ್ಲೇ ಈಜಿದ್ದೆವಲ್ಲ ಎಂದು ಯಾರಾದರೂ ಹೇಳಿದರೆ, ಒಂದು ಕ್ಷಣ ನಿಂತು ನೀರನ್ನು ನೋಡಿ. ಹೋದ ವರ್ಷದ ಹೊಳೆ ಅದಲ್ಲ.